ಬಂಡೆಯಿಂದ ಡಿಟಿಪಿಗೆ: ಒಂದು ಕರಪತ್ರದ ಚರಿತ್ರೆ

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ನಿಮ್ಮ ಶಾಲೆಯಲ್ಲಿ ಒಂದು ವಸ್ತುಪ್ರದರ್ಶನ ಏರ್ಪಡಿಸಿದ್ದೀರಿ ಎಂದುಕೊಳ್ಳಿ. ಊರಿನವರನ್ನು ಕರೆಯಲು ಕರಪತ್ರ ಬೇಕು. ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ ಡಿಟಿಪಿ ಅಂಗಡಿಗೆ ಹೋಗಿ ಕೈಬರಹದ ಚೀಟಿ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಪುಟ ಸಿದ್ಧವಾಗುತ್ತದೆ. ಕಾಗದದ ಅಳತೆ, ಅಂಚು, ದಪ್ಪಕ್ಷರದ ಶೀರ್ಷಿಕೆ, ಒಂದು ಚಿತ್ರ, ಕೆಳಗೆ ಸ್ಥಳ ಮತ್ತು ಸಮಯ, ಇಷ್ಟೇ ಕೆಲಸ. ಆದರೆ ಆ ಕಡತವನ್ನು ಮನೆಗೆ ತಂದು ನಿಮ್ಮ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡದ್ದುಂಟೆ? ಅದೇಕೆ ಹಾಗಾಗುತ್ತದೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದೇ ವಿಷಯವನ್ನು ಹಲವು ಕಡೆಯ ಜನರಿಗೆ ಬರಹದಲ್ಲಿ ತಲುಪಿಸುವ ಕೆಲಸ ಈ ಸೀಮೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಕ್ರಿ.ಪೂ. ಮೂರನೆಯ ಶತಮಾನದ ಈ ಬರಹದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಸುತ್ತೋಲೆ ಇದು. ಹತ್ತಿರ ಹತ್ತಿರದ ಮೂರು ಕಡೆ ಕೆತ್ತಲಾಗಿದೆ. ಕೆತ್ತಿಸಿದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರು ಹಾಕಿ, ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಒಂದೇ ಬರಹದಲ್ಲಿ ಎರಡು ಲಿಪಿ! ಆದರೆ ಪ್ರತಿಯೊಂದು ಪ್ರತಿಯನ್ನೂ ಮೊದಲಿನಿಂದ ಕೆತ್ತಬೇಕಾಗಿತ್ತು. ಮುದ್ರಣ ಬಂದದ್ದು ಈ ಶ್ರಮವನ್ನು ತಪ್ಪಿಸಲು.

ಕನ್ನಡಕ್ಕೆ ಅದು ಬಂದ ದಾರಿ ಸುತ್ತುಬಳಸಿನದು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ದೂರದ ಬಂಗಾಳದ ಶ್ರೀರಾಮಪುರದಲ್ಲಿ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಮರುವರ್ಷ ಅದು ಮೊಳಕಾಲ್ಮೂರಿನ ಪಕ್ಕದ ಬಳ್ಳಾರಿಗೆ ಬಂದು, ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಅಚ್ಚುಮೊಳೆಗಳಿಂದ ಮುದ್ರಣಗೊಂಡಿತು.

ಅಚ್ಚುಮೊಳೆಯವನ ಕಷ್ಟವನ್ನು ಗಮನಿಸಿ. ಇಂಗ್ಲಿಷಿಗೆ 26 ದೊಡ್ಡ, 26 ಸಣ್ಣ ಅಕ್ಷರಗಳಿದ್ದರೆ ಸಾಕು. ಕನ್ನಡದಲ್ಲಿ 34 ವ್ಯಂಜನಗಳಿಗೂ ಕಾಗುಣಿತ. ಅವುಗಳಿಗೆ ಒತ್ತು ಸೇರಿದರೆ ಸಾವಿರಾರು ರೂಪಗಳು. ಅಷ್ಟು ಮೊಳೆಗಳನ್ನು ಎರಕ ಹೊಯ್ದು ಗೂಡುಗಳಲ್ಲಿ ಇಡುವುದು ಆಗದ ಮಾತು. ಆದ್ದರಿಂದ ಅಕ್ಷರವನ್ನು ತುಂಡುಗಳಾಗಿ ಒಡೆದು, ಒತ್ತಕ್ಷರಕ್ಕೆ ಬೇರೆ ಮೊಳೆ ಮಾಡಿ ಜೋಡಿಸುತ್ತಿದ್ದರು. ಈ ಉಪಾಯವನ್ನು ನೆನಪಿಡಿ. ಮುಂದೆ ಕಂಪ್ಯೂಟರ್ ಬಂದಾಗ ಇದೇ ಉಪಾಯ ಮರಳಿ ಬಂತು, ತೊಂದರೆಯನ್ನೂ ತಂದಿತು.

1985ರಲ್ಲಿ ಮೂರು ವಸ್ತುಗಳು ಒಂದೆಡೆ ಸೇರಿದವು: ಆಪಲ್ ಕಂಪನಿಯ ಮ್ಯಾಕಿಂಟಾಷ್ ಕಂಪ್ಯೂಟರ್, ಅದೇ ಕಂಪನಿಯ ಲೇಸರ್‌ರೈಟರ್ ಮುದ್ರಕ ಮತ್ತು ಆಲ್ಡಸ್ ಕಂಪನಿಯ ಪೇಜ್‌ಮೇಕರ್ ತಂತ್ರಾಂಶ. ಮೇಜಿನ ಮೇಲೇ ಪ್ರಕಟಣೆ, ಅಂದರೆ ಡಿಟಿಪಿ, ಹುಟ್ಟಿದ್ದು ಹೀಗೆ. ಭೌತಶಾಸ್ತ್ರದ ಮೇಷ್ಟ್ರಾದ ನನಗೆ ಇಲ್ಲಿ ಎರಡು ಲೆಕ್ಕ ಹೇಳದಿದ್ದರೆ ಸಮಾಧಾನವಿಲ್ಲ.

ಲೇಸರ್‌ರೈಟರ್ ಒಂದು ಅಂಗುಲದಲ್ಲಿ 300 ಚುಕ್ಕಿ ಇಡುತ್ತಿತ್ತು. ಎ4 ಹಾಳೆಯಲ್ಲಿ ಅಡ್ಡಕ್ಕೆ ಸುಮಾರು 2480, ಉದ್ದಕ್ಕೆ 3508. ಗುಣಿಸಿದರೆ ಸುಮಾರು 87 ಲಕ್ಷ ಚುಕ್ಕಿಗಳು. ಒಂದು ಚುಕ್ಕಿಗೆ ಒಂದು ಬಿಟ್ ಎಂದರೂ ಒಂದು ಪುಟಕ್ಕೇ ಸುಮಾರು 1 ಮೆಗಾಬೈಟ್ ಬೇಕು. ಆ ಮುದ್ರಕದ ಒಟ್ಟು ಸ್ಮೃತಿ ಒಂದೂವರೆ ಮೆಗಾಬೈಟ್! ಆದ್ದರಿಂದ ಅಕ್ಷರಗಳನ್ನು ಚುಕ್ಕಿಗಳಾಗಿ ಕಳಿಸದೆ, ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ವಕ್ರರೇಖೆಗಳ ಸಮೀಕರಣಗಳಾಗಿ ಕಳಿಸುವ ಜಾಣತನ ಹೂಡಿದರು. ನಾಲ್ಕು ಬಿಂದುಗಳನ್ನು ಕೊಟ್ಟರೆ ಒಂದು ಮೂರನೆಯ ಘಾತದ ವಕ್ರರೇಖೆ ನಿರ್ಧಾರವಾಗುತ್ತದೆ. ಇದಕ್ಕೆ ಬೆಜಿಯೆ ವಕ್ರರೇಖೆ ಎಂದು ಹೆಸರು. ಅಕ್ಷರ 12 ಪಾಯಿಂಟ್ ಇರಲಿ 72 ಪಾಯಿಂಟ್ ಇರಲಿ, ಸಮೀಕರಣ ಅದೇ, ಅಳತೆ ಮಾತ್ರ ಬೇರೆ. ಮೈಯೆಲ್ಲ ಗುಂಡಗಿರುವ ನಮ್ಮ ಅಕ್ಷರಗಳಿಗೆ ಇದು ಹೇಳಿ ಮಾಡಿಸಿದಂತಿತ್ತು.

ಎರಡನೆಯ ಲೆಕ್ಕ ಕರಪತ್ರ ಮಾಡುವವರಿಗೆ ಉಪಯುಕ್ತ. ಒಂದು ಪಾಯಿಂಟ್ ಎಂದರೆ ಅಂಗುಲದ 72ನೆಯ ಒಂದು ಭಾಗ. 10 ಪಾಯಿಂಟ್ ಅಕ್ಷರದ ಎತ್ತರಕ್ಕೆ ಸಿಗುವುದು ಸುಮಾರು 42 ಚುಕ್ಕಿಗಳು. ಇಷ್ಟರೊಳಗೆ ಕನ್ನಡದ ತಲೆಕಟ್ಟು, ಮೇಲಿನ ಗುಡಿಸು, ಕೆಳಗಿನ ಒತ್ತು ಎಲ್ಲ ಹಿಡಿಯಬೇಕು. ಅಕ್ಷರದ ಒಡಲಿಗೆ ಉಳಿಯುವ ಜಾಗ ಕಡಿಮೆ. ಆದ್ದರಿಂದ ಇಂಗ್ಲಿಷಿಗೆ 10 ಇಟ್ಟಲ್ಲಿ ಕನ್ನಡಕ್ಕೆ 12 ಇಡಿ, ಸಾಲುಗಳ ನಡುವೆ ಅಂತರವನ್ನೂ ಹೆಚ್ಚಿಸಿ.

ಈಗ ತೊಂದರೆಯ ವಿಷಯಕ್ಕೆ ಬರೋಣ. ಆ ಕಾಲದ ಫಾಂಟಿನಲ್ಲಿ ಒಂದು ಅಕ್ಷರಕ್ಕೆ 8 ಬಿಟ್, ಅಂದರೆ 256 ಮನೆಗಳು ಮಾತ್ರ. ಸಾವಿರಾರು ರೂಪಗಳನ್ನು ಅಲ್ಲಿ ತುಂಬುವುದು ಹೇಗೆ? ಅಚ್ಚುಮೊಳೆಯವರ ಉಪಾಯವೇ ಗತಿ: ಅಕ್ಷರವನ್ನು ಒಡೆದು ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದರು. ಸೊನಾಟಾದ ಪ್ರಕಾಶಕ್, ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ ಮೊದಲಾದವು ಹೀಗೆ ಬಂದವು. ಒಬ್ಬರ ಮನೆಗಳ ಜೋಡಣೆ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಶೇಷಾದ್ರಿವಾಸು 1998ರಲ್ಲಿ ‘ಬರಹ’ವನ್ನು ಉಚಿತವಾಗಿ ಕೊಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ 2000ದ ದಶಕದ ಆರಂಭದಲ್ಲಿ ಸರ್ಕಾರಿ ಕಚೇರಿಗಳನ್ನೂ ಡಿಟಿಪಿ ಅಂಗಡಿಗಳನ್ನೂ ಸೇರಿತು.

‘ಕನ್ನಡ’ ಎಂಬ ಪದವನ್ನೇ ನೋಡಿ. ನುಡಿಯ ಹಳೆಯ ಫಾಂಟಿನಲ್ಲಿ ಇದಕ್ಕೆ ಏಳು ಸಂಕೇತಗಳು: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯಲ್ಲಿ ಗೀರುಳ್ಳ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀರುಳ್ಳ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಗೀರುಳ್ಳ ಎ. ಮೂರು ಸಲ ಬಂದ ಗೀರುಳ್ಳ ಎ ನಮ್ಮ ತಲೆಕಟ್ಟು. ಜರ್ಮನ್ ಅಕ್ಷರ ನ-ಒತ್ತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮಗೆ ಕಂಡ ಕಲಸುಮೇಲೋಗರ ಇದೇ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ‘ಮ’ಗೆ ಸ್ವಂತ ಮನೆಯೇ ಇಲ್ಲ, ‘ವ’ ಬರೆದು ಬಾಲ ಜೋಡಿಸಬೇಕು. ಹೀಗಾಗಿ ಹಳೆಯ ಕಡತದಲ್ಲಿ ‘ವ’ ಹುಡುಕಿದರೆ ‘ಮ’ಗಳೂ ಸಿಕ್ಕಿಬೀಳುತ್ತವೆ.

ವಿಚಿತ್ರವೆಂದರೆ ಕೀಲಿಮಣೆಯ ಕಡೆ ಇಂಥ ಗೊಂದಲವಿರಲಿಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್ (ಕೆ. ಪಿ. ರಾವ್) ರೂಪಿಸಿದ ವಿನ್ಯಾಸದಲ್ಲಿ ಒತ್ತುವುದು ಆಕಾರವನ್ನಲ್ಲ, ಧ್ವನಿಯನ್ನು. ‘ಕನ್ನಡ’ಕ್ಕೆ ಕ, ನ, ಕೊಂಡಿ, ನ, ಡ ಎಂದು ಐದೇ ಕೀಲಿ. ಯೂನಿಕೋಡ್ ಕೂಡ ಈ ಪದಕ್ಕೆ ಇವೇ ಐದು ಸಂಕೇತಗಳನ್ನು ಕೊಡುತ್ತದೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಜಾಗವಿತ್ತು. ಒತ್ತು, ತಲೆಕಟ್ಟುಗಳನ್ನು ಜೋಡಿಸುವುದು ಫಾಂಟಿನ ಮತ್ತು ತಂತ್ರಾಂಶದ ಕೆಲಸ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಡನೆ ಬಂತು. ಆದರೂ ಡಿಟಿಪಿ ಅಂಗಡಿಗಳು ಬದಲಾಗಲಿಲ್ಲ. ಅವರನ್ನು ದೂರಿ ಫಲವಿಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರದು, ಅದಕ್ಕೆ ಯೂನಿಕೋಡ್ ತಿಳಿಯದು. ಇನ್‌ಡಿಸೈನ್ ಕನ್ನಡವನ್ನು ಸರಿಯಾಗಿ ಜೋಡಿಸಲು ಕಲಿತದ್ದು 2012ರಲ್ಲಿ. ಉಚಿತವಾದ ಸ್ಕ್ರೈಬಸ್ಸಿನ ಸ್ಥಿರ ಆವೃತ್ತಿಗೆ ಈ ಶಕ್ತಿ ಬಂದದ್ದು 2024ರಲ್ಲಿ.

ಒಂದು ಕರಪತ್ರದ ಕಡತ ಹಾಳಾದರೆ ನಷ್ಟವೇನಿಲ್ಲ. ಆದರೆ ಅದೇ ಅಂಗಡಿಯಲ್ಲಿ ನಿಮ್ಮ ಶಾಲೆಯ ಸ್ಮರಣ ಸಂಚಿಕೆ, ಯಾರೋ ಸಂಗ್ರಹಿಸಿದ ಮ್ಯಾಸಬೇಡರ ಅಥವಾ ಕಾಡುಗೊಲ್ಲರ ಹಾಡುಗಳು, ಊರಿನ ಚರಿತ್ರೆಯ ಕಿರುಹೊತ್ತಗೆ ಅಚ್ಚಾಗಿದ್ದರೆ? ಅಚ್ಚಾದ ಪ್ರತಿಗಳು ಮುಗಿದಿದ್ದು, ಹಾಡಿದವರೂ ತೀರಿಕೊಂಡಿದ್ದರೆ ಉಳಿದಿರುವುದು ಆ ಪೇಜ್‌ಮೇಕರ್ ಕಡತ ಒಂದೇ. ತಂತ್ರಾಂಶವೂ ಫಾಂಟೂ ಕಾಣೆಯಾದ ದಿನ ಅದು ಬ್ರಾಹ್ಮಿ ಬಲ್ಲವರಿಲ್ಲದ ಕಾಲದ ಬಂಡೆಯಂತೆ ನಿಲ್ಲುತ್ತದೆ. ಆದ್ದರಿಂದ ಈ ಸಲ ಕರಪತ್ರಕ್ಕೆ ಹೋದಾಗ ಹಳೆಯ ಕಡತಗಳನ್ನು ಕೇಳಿ ತನ್ನಿ, ಅವುಗಳ ಫಾಂಟನ್ನೂ ಜೊತೆಗೆ ತನ್ನಿ. ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಕೆಲಸ.

ಪರಿವರ್ತಿಸಿದ ಮೇಲೆ ನಮ್ಮ ಜಿಲ್ಲೆಯ ಹೆಸರನ್ನೇ ಹುಡುಕಿ ನೋಡಿ. ‘ಚಿತ್ರದುರ್ಗ’ದ ಅರ್ಕಾವತ್ತು ಹಳೆಯ ಫಾಂಟಿನಲ್ಲಿ ‘ಗ’ ಆದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ‘ರ’ ಮೊದಲು. ಪರಿವರ್ತಕ ಈ ಸ್ಥಾನವನ್ನು ಅದಲುಬದಲು ಮಾಡಿದ್ದರೆ ಹೆಸರು ಸಿಗುತ್ತದೆ. ಸಿಗದಿದ್ದರೆ ಬೇರೊಂದು ಪರಿವರ್ತಕವನ್ನು ಬಳಸಿ.