ನವಜಾತ ಶಿಶುಗಳಲ್ಲಿ ಕರುಳಿನ ಅಡಚಣೆ ಮತ್ತು ಶಸ್ತ್ರಚಿಕಿತ್ಸೆ: ಪೋಷಕರಿಗೆ ಮಾಹಿತಿ

ನವಜಾತ ಶಿಶುವಿನ ಕರುಳಿನಲ್ಲಿ ಹಾಲು, ಗಾಳಿ ಹಾಗೂ ಮಲ ಮುಂದೆ ಸಾಗದಿರುವ ಸ್ಥಿತಿಯನ್ನು ಕರುಳಿನ ಅಡಚಣೆ ಎನ್ನಲಾಗುತ್ತದೆ. ಇದು ಬಹುಮಟ್ಟಿಗೆ ಗರ್ಭದಲ್ಲಿಯೇ ಉಂಟಾಗುವ ರಚನಾ ದೋಷವಾಗಿದ್ದು, ಎದೆಹಾಲಿನಿಂದ ಬರುವುದಲ್ಲ. ಸಕಾಲದಲ್ಲಿ ಶಸ್ತ್ರಚಿಕಿತ್ಸೆ ದೊರೆತಲ್ಲಿ ಬಹುತೇಕ ಶಿಶುಗಳು ಬದುಕುಳಿಯುತ್ತವೆ.

ಗಮನಿಸಬೇಕಾದ ಲಕ್ಷಣಗಳು:
1. ಹಸಿರು ಬಣ್ಣದ ವಾಂತಿ
2. ಜನಿಸಿ 24 ಗಂಟೆ ಕಳೆದರೂ ಕಪ್ಪು ಬಣ್ಣದ ಮೊದಲ ಮಲ ಹೋಗದಿರುವುದು
3. ಹೊಟ್ಟೆ ಉಬ್ಬುವುದು, ಹಾಲು ಕುಡಿಯದಿರುವುದು
4. ಗುದದ್ವಾರ ಇಲ್ಲದಿರುವುದು

ಹಸಿರು ವಾಂತಿ ಏಕೆ ಅಪಾಯಕಾರಿ?
ಪಿತ್ತರಸವು ಕೆಳಕ್ಕೆ ಹರಿಯದೆ ಹಿಂದಿರುಗಿದಾಗ ವಾಂತಿ ಹಸಿರಾಗುತ್ತದೆ. ಕರುಳು ತಿರುಚಿಕೊಂಡಿದ್ದಲ್ಲಿ ರಕ್ತ ಸಂಚಾರ ನಿಂತು, ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯಬಹುದು. ಇಂತಹ ಶಿಶು ಆರಂಭದಲ್ಲಿ ಲವಲವಿಕೆಯಿಂದಿರಬಹುದು, ಮಲ ವಿಸರ್ಜನೆಯನ್ನೂ ಮಾಡಿರಬಹುದು. ಆದ್ದರಿಂದ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ವೈದ್ಯರು ಪರೀಕ್ಷಿಸುವವರೆಗೆ ಹಾಲು, ಹರಳೆಣ್ಣೆ, ಬಜೆ, ಗ್ರೈಪ್ ವಾಟರ್ ಮುಂತಾದ ಯಾವುದನ್ನೂ ಬಾಯಿಗೆ ಹಾಕಬಾರದು. ಶಿಶುವನ್ನು ಬೆಚ್ಚಗಿಡುವುದು ಅತ್ಯವಶ್ಯ.

ಚಿಕಿತ್ಸಾ ಕ್ರಮ:
ಮೊದಲಿಗೆ ಮೂಗಿನ ಅಥವಾ ಬಾಯಿಯ ಮೂಲಕ ನಳಿಕೆ ಇಳಿಸಿ ಹೊಟ್ಟೆಯಲ್ಲಿನ ದ್ರವವನ್ನು ಹೊರತೆಗೆದು, ರಕ್ತನಾಳದ ಮೂಲಕ ದ್ರವ ನೀಡಲಾಗುವುದು. ಎಕ್ಸ್-ರೇ ಹಾಗೂ ಅಗತ್ಯವಿದ್ದಲ್ಲಿ ಸ್ಕ್ಯಾನಿಂಗ್ ಮೂಲಕ ಅಡಚಣೆಯ ಸ್ಥಳವನ್ನು ಗುರುತಿಸಿ, ಅರಿವಳಿಕೆ ನೀಡಿ ಶಸ್ತ್ರಚಿಕಿತ್ಸೆ ನಡೆಸಲಾಗುತ್ತದೆ.

• ಕರುಳು ತಿರುಚಿಕೊಂಡಿದ್ದಲ್ಲಿ: ತಿರುಚನ್ನು ಬಿಡಿಸಿ, ಅಡ್ಡಲಾಗಿರುವ ಪಟ್ಟಿಗಳನ್ನು ಕತ್ತರಿಸಲಾಗುವುದು.
• ಕರುಳಿನ ಭಾಗ ಮುಚ್ಚಿಕೊಂಡಿದ್ದಲ್ಲಿ: ಮೇಲಿನ ಹಾಗೂ ಕೆಳಗಿನ ಭಾಗಗಳನ್ನು ಜೋಡಿಸಲಾಗುವುದು.
• ದೊಡ್ಡ ಕರುಳಿನ ತುದಿಯಲ್ಲಿ ನರಕೋಶಗಳಿಲ್ಲದಿದ್ದಲ್ಲಿ (ಹರ್ಷ್‌ಸ್ಪ್ರಂಗ್ ಕಾಯಿಲೆ): ಆ ಭಾಗವನ್ನು ತೆಗೆದು ಆರೋಗ್ಯವಂತ ಕರುಳನ್ನು ಗುದದ್ವಾರಕ್ಕೆ ಜೋಡಿಸಲಾಗುವುದು.
• ಗುದದ್ವಾರವಿಲ್ಲದಿದ್ದಲ್ಲಿ: ಹೊಸದಾಗಿ ರಚಿಸಲಾಗುವುದು.

ಕೆಲವು ಪ್ರಕರಣಗಳಲ್ಲಿ ಹೊಟ್ಟೆಯ ಮೇಲೆ ತಾತ್ಕಾಲಿಕ ಮಲದ್ವಾರ ಮಾಡಿ, ಕೆಲವು ತಿಂಗಳ ನಂತರ ಮುಚ್ಚಲಾಗುತ್ತದೆ. ಇದು ಚಿಕಿತ್ಸೆಯ ಒಂದು ಹಂತವೇ ಹೊರತು ಶಾಶ್ವತ ಅಂಗವೈಕಲ್ಯವಲ್ಲ.

ಶಸ್ತ್ರಚಿಕಿತ್ಸೆಯ ನಂತರ:
ಕರುಳು ಕೆಲಸ ಆರಂಭಿಸುವವರೆಗೆ ರಕ್ತನಾಳದ ಮೂಲಕ ಪೋಷಣೆ ನೀಡಿ, ಬಳಿಕ ಅಲ್ಪ ಪ್ರಮಾಣದಲ್ಲಿ ಎದೆಹಾಲು ಆರಂಭಿಸಲಾಗುವುದು. ಆದುದರಿಂದ ತಾಯಿಯು ಈ ಅವಧಿಯಲ್ಲಿ ನಿಯಮಿತವಾಗಿ ಹಾಲನ್ನು ಹಿಂಡಿ ತೆಗೆಯುತ್ತಿರಬೇಕು. ಮನೆಗೆ ಮರಳಿದ ಬಳಿಕ ಪುನಃ ಹಸಿರು ವಾಂತಿ ಅಥವಾ ಹೊಟ್ಟೆಯುಬ್ಬರ ಕಂಡುಬಂದಲ್ಲಿ ತಕ್ಷಣ ಆಸ್ಪತ್ರೆಗೆ ಬರತಕ್ಕದ್ದು.

ಲಭ್ಯವಿರುವ ಸೌಲಭ್ಯಗಳು:
• 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಉಚಿತ.
• 2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅನಾರೋಗ್ಯಪೀಡಿತ ನವಜಾತ ಶಿಶುಗಳಿಗೆ ಔಷಧಿ, ಪರೀಕ್ಷೆ, ರಕ್ತ ಹಾಗೂ ಉನ್ನತ ಆಸ್ಪತ್ರೆಗೆ ಸಾಗಣೆ ಉಚಿತ.
• 2018ರ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗಿನ ಚಿಕಿತ್ಸೆ.
• ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗವಿರುತ್ತದೆ.

ಒಯ್ಯಬೇಕಾದ ದಾಖಲೆಗಳು: ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಚೀಟಿ, ಪಡಿತರ ಚೀಟಿ, ತಾಯಿ ಅಥವಾ ತಂದೆಯ ಆಧಾರ್.

ವಿಶೇಷ ಸೂಚನೆ: ದಾಖಲೆಗಳು ಕೈಯಲ್ಲಿಲ್ಲವೆಂಬ ಕಾರಣಕ್ಕೆ ಪ್ರಯಾಣವನ್ನು ವಿಳಂಬಿಸಬಾರದು. ಶಿಶುವನ್ನು ಮೊದಲು ಆಸ್ಪತ್ರೆಗೆ ತಲುಪಿಸಿ, ದಾಖಲೆಗಳನ್ನು ನಂತರ ತರಿಸಿಕೊಳ್ಳುವುದು.