ಕೌದಿ ತಳದಾಗಿನ ಸೀರಿ

ಹ್ವಾದ ವಾರ ಹರದ ಕೌದಿ ಬಿಚ್ಚಿದೆ. ಚಿಂದಿಗಳ ತಳದಾಗ ಸವದ ಇಳಕಲ್ ಸೀರಿ. ಕತ್ತರಿಸಿ ಒಗ್ಯಾಕ ಹ್ವಾದ್ರ ಅವ್ವ ಕೈ ಹಿಡದ್ಲು: “ಅದು ನಿಮ್ಮ ಆಯಿ ಸೀರಿ.”

ಬರೇ ಚಿಂದಿಗೆ ಚಿಂದಿ ಹೊಲದ್ರ ಎಳದಾಡಿ ಸೊಟ್ಟ ಆಗ್ತಾವ. ತಳಕ್ಕ ಸೀರಿ ಹಾಸಿ ದಾರ ಹಾಕಿದ್ರ ಸವದ ಬಟ್ಟೀನೂ ತಾಳತೈತಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಮಕ್ಕಳೂ ಸೀರಿ ಹಾಸಿ, ಅಂಚಿನಿಂದ ಸುತ್ತ ಹೊಲಕೋತ ನಡುವಿಗೆ ಬರ್ತಾರ. ದೂರದ ಅಮೆರಿಕಾದಾಗ 1860ರ ದಶಕದಿಂದ ಹೆಸರಾದ ‘ಲಾಗ್ ಕ್ಯಾಬಿನ್’ ಕೌದಿಗೂ ಹಂಗ: ಬಣ್ಣದ ಪಟ್ಟಿಗಳಿಗೆ ತಳದಾಗೊಂದು ಬಟ್ಟಿ.

ಮ್ಯಾಲಿನ ಬಣ್ಣ ಎಲ್ಲಾರೂ ಹೊಗಳಿದ್ರು. ಭಾರ ಹೊತ್ತ ಸೀರಿ ಯಾರದಂತ ನಾನೂ ಕೇಳಿರಲಿಲ್ಲ. ಈಗ ಅದರ ಮ್ಯಾಲೇ ಹೊಸ ಚಿಂದಿ ಹೊಲ್ಯಾಕ ಹತ್ತೇನಿ. ನಿಮ್ಮ ಮನಿ ಕೌದಿ ತಳದಾಗ ಯಾರ ಸೀರಿ ಐತಿ? ಹೇಳಾವ್ರು ಇದ್ದಾಗನ ಕೇಳಿ ಬರದಿಡ್ರಿ.