ಕೆಂಪು ಮಾತ್ರೆ ಮತ್ತು 1928ರ ಬಾಂಬೆ

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಅತ್ತಿಗೆಗೆ ಈಗ ಐದು ತಿಂಗಳು. ಟಿವಿ ಪಕ್ಕ ಅವರ ತಾಯಿ ಕಾರ್ಡ್, ಅದರೊಳಗೆ ಆಶಾ ಅಕ್ಕ ಕೊಟ್ಟ ಕೆಂಪು ಮಾತ್ರೆಗಳ ಸ್ಟ್ರಿಪ್. "ತಗೋತಿದ್ದೀರಾ ಅತ್ತಿಗೆ?" ಅಂದೆ. "ತಗೊಂಡ್ರೆ ಹೊಟ್ಟೆ ತೊಳಸತ್ತೆ ಕಣೋ" ಅಂದ್ರು. ಸ್ಟ್ರಿಪ್ ತಿರುಗಿಸಿ ಓದಿದೆ. ಕಬ್ಬಿಣ 60 ಮಿಲಿಗ್ರಾಂ, ಫೋಲಿಕ್ ಆಸಿಡ್ 500 ಮೈಕ್ರೋಗ್ರಾಂ. ಕಬ್ಬಿಣ ಸರಿ, ಅದು ಯಾಕೆ ಅಂತ ಎಲ್ರಿಗೂ ಗೊತ್ತು. ಈ ಫೋಲಿಕ್ ಆಸಿಡ್ ಎಲ್ಲಿಂದ ಬಂತು? ನಾನು ಓದಿದ್ದು ಬಿಕಾಂ, ಸೈನ್ಸ್ ಅಲ್ಲ. ಹುಡುಕ್ತಾ ಹೋದ್ರೆ ಸಿಕ್ಕಿದ್ದು ಬಟ್ಟೆ ಗಿರಣಿಗಳ ಬಾಂಬೆ.

1928ರಲ್ಲಿ ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ವೈದ್ಯೆ ಬಾಂಬೆಗೆ ಬಂದರು. ಆಗ ಅವರಿಗೆ 40 ವರ್ಷ. ಕೆಲಸ ಪರೇಲ್‌ನ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದ್ರೆ ಗಿರಣಿಗಳ ನಟ್ಟನಡುವೆ. ಅಲ್ಲಿನ ಬಡ ಬಸುರಿಯರಿಗೆ ಒಂದು ಭೀಕರ ರಕ್ತಹೀನತೆ ಬರ್ತಿತ್ತು. ರಕ್ತದ ಕೆಂಪು ಕಣಗಳು ಅಸಹಜವಾಗಿ ದೊಡ್ಡದಾಗೋದು, ಆದರೆ ಸಂಖ್ಯೆ ಕುಸಿದುಬಿಡೋದು. ಎಷ್ಟೋ ಜನ ಸಾಯ್ತಿದ್ರು. ಮೊದಲು ಸೋಂಕು ಇರಬಹುದು ಅಂತ ಹುಡುಕಿದರು, ಸಿಗಲಿಲ್ಲ. ಆಮೇಲೆ ಲೂಸಿ ವಿಲ್ಸ್ ನೋಡಿದ್ದು ಅಡುಗೆಮನೆ ಕಡೆಗೆ. ಯಾರು ಏನು ತಿಂತಾರೆ ಅಂತ ಸಮುದಾಯವಾರು, ವರ್ಗವಾರು ವಿಚಾರಿಸಿದರು. ಕಾಯಿಲೆ ಹೆಚ್ಚಾಗಿ ಕಂಡದ್ದು ಬಡ ಮುಸ್ಲಿಂ ಹೆಂಗಸರಲ್ಲಿ. ಅವರ ಊಟದಲ್ಲಿ ಹಣ್ಣು, ತರಕಾರಿ ತೀರಾ ಕಡಿಮೆ.

ಅದೇ ಊಟವನ್ನ ಇಲಿಗಳಿಗೆ ಹಾಕಿ ನೋಡಿದರು, ಕೋತಿಗಳಿಗೂ ಹಾಕಿದರು. ರಕ್ತಹೀನತೆಯಿಂದ ಬಳಲುತ್ತಿದ್ದ ಒಂದು ಕೋತಿಗೆ ಮಾರ್ಮೈಟ್ ತಿನ್ನಿಸಿದಾಗ ಅದು ಚೇತರಿಸಿಕೊಂಡಿತು. ಮಾರ್ಮೈಟ್ ಗೊತ್ತಲ್ಲ? ಬಿಯರ್ ಮಾಡಿದ ಮೇಲೆ ಉಳಿಯೋ ಯೀಸ್ಟ್‌ನಿಂದ ತಯಾರಿಸಿ ಬ್ರಿಟಿಷರು ಬ್ರೆಡ್‌ಗೆ ಸವರಿಕೊಳ್ಳೋ ಕಪ್ಪು ಪೇಸ್ಟ್. (ನಾನು ಒಮ್ಮೆ ರುಚಿ ನೋಡಿದೀನಿ. ಸಾಕು.) ಬಸುರಿಯರಿಗೆ ಕೊಟ್ಟಾಗಲೂ ಗುಣ ಕಾಣಿಸಿತು. ಆ ಕಾಲಕ್ಕೆ ರಕ್ತಹೀನತೆಗೆ ಹೆಸರುವಾಸಿ ಔಷಧ ಅಂದ್ರೆ ಪ್ರಾಣಿಗಳ ಯಕೃತ್ತು, ಅದರ ಸಾರ. ಅದು ದುಬಾರಿ. ಯೀಸ್ಟ್ ಅಗ್ಗ. ನನಗೆ ಇಲ್ಲೇ ಇಷ್ಟವಾಗಿದ್ದು, ರೋಗಿಯ ಜೇಬಿಗೆ ಎಟುಕೋ ಔಷಧ ಸಿಕ್ಕಿತಲ್ಲ ಅಂತ. 1931ರಲ್ಲಿ ಪ್ರಬಂಧ ಪ್ರಕಟವಾಯಿತು. ಯೀಸ್ಟ್‌ನಲ್ಲಿದ್ದ ಆ ವಸ್ತುವಿಗೆ ಇನ್ನೂ ಹೆಸರಿರಲಿಲ್ಲ, 'ವಿಲ್ಸ್ ಫ್ಯಾಕ್ಟರ್' ಅಂತಲೇ ಕರೆದರು. 1941ರಲ್ಲಿ ಅಮೆರಿಕದಲ್ಲಿ ಅದನ್ನ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ 'ಫೋಲಿಕ್ ಆಸಿಡ್' ಅಂದರು. ಲ್ಯಾಟಿನ್‌ನಲ್ಲಿ ಫೋಲಿಯಂ ಅಂದ್ರೆ ಎಲೆ. ಅದನ್ನ ಲ್ಯಾಬ್‌ನಲ್ಲಿ ತಯಾರಿಸಿದ ಲೆಡರ್ಲಿ ಕಂಪನಿಯ ತಂಡದ ಮುಖ್ಯಸ್ಥರು ಯಾರು ಗೊತ್ತಾ? ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1970ರಿಂದ ನಮ್ಮ ಸರ್ಕಾರ ಬಸುರಿಯರಿಗೆ ಕಬ್ಬಿಣ, ಫೋಲಿಕ್ ಆಸಿಡ್ ಎರಡನ್ನೂ ಸೇರಿಸಿ ಮಾತ್ರೆ ಹಂಚೋಕೆ ಶುರು ಮಾಡಿತು.

ಇಷ್ಟಕ್ಕೇ ಎಪಿಸೋಡ್ ಮುಗಿಸಬಹುದಿತ್ತು. ಆದರೆ 1928 ಅನ್ನೋ ಇಸವಿ ತಲೇಲಿ ಕೂತುಬಿಡ್ತು.

ಆ ವರ್ಷ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬಾಂಬೆ ಗಿರಣಿಗಳಲ್ಲಿ ದೊಡ್ಡ ಮುಷ್ಕರ. ಅದರ ನಡುವೆ, ಜುಲೈ 28ರಂದು, ಬಾಂಬೆ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆ ಬಂತು. ಅದರ ಪರ ಮಾತಾಡಿದವರಲ್ಲಿ ಒಬ್ಬರು ಡಾ. ಬಿ.ಆರ್. ಅಂಬೇಡ್ಕರ್. ಹೆರಿಗೆಗೆ ಮುಂಚೆಯೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ ಅಂತ ಅವರ ವಾದ. ಖರ್ಚು ಯಾರದು? ಹೆಚ್ಚಿನ ಪಾಲು ಸರ್ಕಾರದ್ದೇ ಆಗಬೇಕು ಅಂತ ಒಪ್ಪಿದರು. ಆದರೆ ಮಾಲೀಕ ಹೆಂಗಸರನ್ನ ಕೆಲಸಕ್ಕೆ ಇಟ್ಟುಕೊಳ್ಳೋದೇ ಅದರಿಂದ ಹೆಚ್ಚು ಲಾಭ ಇದೆ ಅಂತ, ಹಾಗಾಗಿ ಅವನೂ ಕೊಡಬೇಕು ಅಂದರು. ಲೆಕ್ಕ ಓದಿದ ನನಗೆ ಇದಕ್ಕಿಂತ ಸರಳ ಲೆಕ್ಕ ಇಲ್ಲ. 1929ರಲ್ಲಿ ಕಾಯ್ದೆ ಆಯಿತು. 1961ರಲ್ಲಿ ಇಡೀ ದೇಶಕ್ಕೆ ಒಂದು ಕಾಯ್ದೆ, 2017ರಲ್ಲಿ ರಜೆ 26 ವಾರಕ್ಕೆ ಏರಿತು.

ಒಂದೇ ಊರು, ಒಂದೇ ವರ್ಷ. ಪರೇಲ್‌ನಲ್ಲಿ ರಕ್ತಕ್ಕೆ ಏನು ಕಮ್ಮಿ ಅಂತ ಹುಡುಕಾಟ, ಪರಿಷತ್ತಿನಲ್ಲಿ ವಿಶ್ರಾಂತಿಗೆ ದುಡ್ಡು ಯಾರು ಕೊಡಬೇಕು ಅನ್ನೋ ಚರ್ಚೆ.

ಈಗ ಅತ್ತಿಗೆ ವಿಷಯ. ಅವರು ಪೇಟೆಯ ಒಂದು ಸಣ್ಣ ಹೊಲಿಗೆ ಘಟಕಕ್ಕೆ ಹೋಗ್ತಿದ್ರು, ಪೀಸ್ ಲೆಕ್ಕದ ಕೂಲಿ. ಮೂರನೇ ತಿಂಗಳಲ್ಲಿ ತಲೆಸುತ್ತು ಅಂತ ನಾಲ್ಕು ದಿನ ಹೋಗಲಿಲ್ಲ. ಐದನೇ ದಿನ ಹೋದ್ರೆ ಮೆಷಿನ್ ಮುಂದೆ ಬೇರೆಯವರು ಕೂತಿದ್ರು. ಕಾಯ್ದೆ ಪ್ರಕಾರ ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದಿದ್ರೆ ಸಾಕು. ಅತ್ತಿಗೆ ದುಡಿದದ್ದು ಅದಕ್ಕಿಂತ ಜಾಸ್ತಿನೇ. ಆದರೆ ಅವರ ಹೆಸರು ಯಾವ ರಿಜಿಸ್ಟರ್‌ನಲ್ಲೂ ಇಲ್ಲ. "ಯಾರ ಹತ್ರ ಕೇಳೋದು, ಬಿಡು" ಅಂದ್ರು.

2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಿಸಿಯೂಟ ಇದೆ, ಅಲ್ಲಿ ಹೋಗಿ ಉಣ್ಣಬೇಕು. ನಮ್ಮ ಮನೆಯಿಂದ ಅದು ಊರಿನ ಆ ತುದಿ. ಬಿಸಿಲಲ್ಲಿ ಹೋಗಿ ಬರೋಕಿಂತ ಮನೇಲಿ ಅನ್ನ ಸಾರು ಸಾಕು ಅಂತಾರೆ. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಬಸುರಿಯರಲ್ಲಿ ಶೇ 52.2ರಷ್ಟು ಜನರಿಗೆ ರಕ್ತಹೀನತೆ.

ಬರೋ ಮುಂಚೆ ಆಶಾ ಅಕ್ಕನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ಖಾಲಿ ಹೊಟ್ಟೆಗೆ ಬೇಡ, ರಾತ್ರಿ ಊಟ ಆದ್ಮೇಲೆ ತಗೊಳ್ಳಿ, ಟೀ ಜೊತೆ ಮಾತ್ರ ಬೇಡ ಅಂದ್ರು ಅವರು. ಅತ್ತಿಗೆ ನನ್ನ ಮುಖ ನೋಡಿ, "ಆ ಇಂಗ್ಲಿಷ್ ಡಾಕ್ಟರಮ್ಮನ ಕಥೆ ಇನ್ನೊಂದ್ಸಲ ಹೇಳು, ಕೋತಿಗೆ ಏನು ತಿನ್ಸಿದ್ರು ಅಂದೆ?" ಅಂದ್ರು. ಹೇಳ್ತಾ ಇದ್ದ ಹಾಗೇ ಸ್ಟ್ರಿಪ್‌ನಿಂದ ಒಂದು ಮಾತ್ರೆ ಒಡೆದು ನುಂಗಿದ್ರು.